ಹಂಡೆ ಬೇಲೆಕೇರಿಗೆ ಬಂದ ವರ್ಷ

ಎರಡು ಸಾವಿರದ ಎಂಟನೆಯ ಇಸವಿಯ ಮೇ ತಿಂಗಳಲ್ಲಿ ನಿಶಾ ಒಂದು ಹೊತ್ತಾದರೂ ನೆಟ್ಟಗೆ ಕೂತು ಉಂಡವಳಲ್ಲ. ಗಂಜಿಯ ತಟ್ಟೆ ಹಿಡಿದುಕೊಂಡೇ ಜಗಲಿಗೆ ಬರುತ್ತಿದ್ದಳು. ತೆಂಗಿನ ಗರಿ ಯಾವ ಕಡೆ ವಾಲುತ್ತಿದೆ, ಪಡುವಣದಲ್ಲಿ ಮೋಡ ಕಟ್ಟಿದೆಯೋ ಇಲ್ಲವೋ ಎಂದು ನೋಡಿ ಒಳಗೆ ಹೋಗುತ್ತಿದ್ದಳು. ಎರಡು ತುತ್ತು ಉಂಡು ಮತ್ತೆ ಹೊರಗೆ.

“ಕೂತ್ಕಂಡು ಉಣ್ಣೇ ಮಾರಾಯ್ತಿ. ನೀ ನೋಡ್ದೆ ಇದ್ರೆ ಮೋಡ ಎಂತಾ ಓಡಿ ಹೋಗ್ತದಾ?” ಎಂದು ತಾಯಿ ಗಂಗೂ ಒಲೆಯ ಬುಡದಿಂದಲೇ ಕೂಗುತ್ತಿದ್ದಳು.

“ಓಡಿ ಹೋದ್ರೆ ಒಳ್ಳೇದೇ ಆಯಿ. ಬಂದು ಕೂತ್ರೆ ಕಷ್ಟ.”

ನಿಶಾ ವಿಮಾನ ಕಟ್ಟುವ ಎಂಜಿನಿಯರ್. ಅವಳು ಬೆಂಗಳೂರಿನ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ವರ್ಷ ಸೇನೆಗೆಂದು ಹೊಸ ಭಾರೀ ಸಾಗಣೆ ವಿಮಾನದ ನಕ್ಷೆ ಆಗಷ್ಟೇ ಮೂಡುತ್ತಿತ್ತು. ಎರಡು ಮಿಲಿಟರಿ ಲಾರಿಗಳನ್ನು ಒಂದರ ಹಿಂದೊಂದು ನಿಲ್ಲಿಸಬಹುದಾದಷ್ಟು ದೊಡ್ಡ ಹೊಟ್ಟೆ ಅದಕ್ಕೆ. ಅಕ್ಷರವೂ ಅಂಕಿಯೂ ಕೂಡಿದ ಅದರ ಸರ್ಕಾರಿ ಹೆಸರನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಮೊದಲ ವಿಮಾನ ಶೆಡ್ಡಿನಿಂದ ಹೊರಬಂದ ದಿನ ಅದರ ಆಕಾರ ನೋಡಿ ಯಾರೋ “ಬಚ್ಚಲ ಮನೆಯ ಹಂಡೆ ಇದ್ದ ಹಾಗಿದೆ” ಎಂದಿದ್ದರು. ಅಂದಿನಿಂದ ಅದು ಹಂಡೆಯೇ. ಆ ಹಂಡೆಯ ಬಾಲದಡಿ ಒಂದು ದೊಡ್ಡ ಬಾಗಿಲು. ಹಾರುತ್ತಿರುವಾಗಲೇ ಅದನ್ನು ತೆರೆದು, ಸಾಮಾನನ್ನು ಪ್ಯಾರಾಚೂಟ್ ಕಟ್ಟಿ ಕೆಳಗೆ ಬಿಡಬೇಕು. ಆ ಬಾಗಿಲು, ಅದರ ಬೀಗ, ಸಾಮಾನು ಜಾರುವ ನೆಲದ ಉರುಳೆಗಳು, ಇವೇ ನಿಶಾಳ ಪಾಲಿಗೆ ಬಂದ ಕೆಲಸ. ಅದರಲ್ಲೇ ಅವಳ ಒಂಬತ್ತು ವರ್ಷ ಕಳೆದುಹೋಗಿತ್ತು.

ಈಗ ಕೊನೆಯ ಪರೀಕ್ಷೆ. ಕಡಲಲ್ಲಿ ಮುಳುಗುತ್ತಿರುವವರಿಗೆ ಆಕಾಶದಿಂದ ದೋಣಿಯನ್ನು ಇಳಿಸಿ ತೋರಿಸಬೇಕು. ಇದೊಂದು ಮುಗಿದರೆ ಹಂಡೆ ಸೇನೆಗೆ ಸೇರಿದಂತೆಯೇ. ಕಾರವಾರದಲ್ಲಿ ನೌಕಾನೆಲೆಯಿದೆ, ಗೋವಾದಿಂದ ವಿಮಾನ ಹಾರಿ ಬರುವುದು ಸಲೀಸು ಎಂದು ಮೇಲಿನವರು ಬೇಲೆಕೇರಿಯ ಎದುರಿನ ಕಡಲನ್ನೇ ಆರಿಸಿದ್ದರು. ತನ್ನೂರಿನ ಕಡಲು ಎಂದು ಕೇಳಿದಾಗ ನಿಶಾಳಿಗೆ ಖುಷಿಗಿಂತ ಕಸಿವಿಸಿಯೇ ಹೆಚ್ಚಾಯಿತು. ಅವರ ಮೂಲಮನೆ ಚೆಂಡಿಯಾದಲ್ಲಿತ್ತು. ನೌಕಾನೆಲೆ ಬಂದಾಗ ಮನೆ, ಗದ್ದೆ, ತೆಂಗಿನ ತೋಟ ಎಲ್ಲ ಹೋಯಿತು. ಈಗ ಅಂಕೋಲೆಯ ಕಡೆಗಿನ ಪುನರ್ವಸತಿ ಕಾಲೋನಿಯಲ್ಲಿ ವಾಸ. ಕದ್ರಾದ ವಿದ್ಯುದಾಗಾರದಲ್ಲಿ ದುಡಿದು ನಿವೃತ್ತನಾಗಿದ್ದ ತಂದೆ ಮಧುಕರ ಆ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಗಂಗೂ ಮಾತ್ರ ಮರೆತವಳಲ್ಲ.

“ನೆಲ ತಕಂಡ್ರು. ಈಗ ನಮ್ ಹುಡ್ಗೀನೂ ತಕಂಡ್ರು,” ಎನ್ನುತ್ತಿದ್ದಳು ನೆರೆಮನೆಯವರ ಎದುರು. ಹೇಳುವಾಗ ದನಿಯಲ್ಲಿ ಸಿಟ್ಟಿತ್ತೋ ಹೆಮ್ಮೆಯಿತ್ತೋ, ಕೇಳಿದವರಿಗೆ ತಿಳಿಯುತ್ತಿರಲಿಲ್ಲ.

ಪರೀಕ್ಷೆಯ ದಿನಗಳಲ್ಲಿ ಯಾರೂ ಕಡಲಿಗೆ ಇಳಿಯಬಾರದೆಂದು ಬೇಲೆಕೇರಿಯಲ್ಲಿ ಸಭೆ ಆಯಿತು. ಊರವರೆಲ್ಲ ಕೂಡಿ ಒಪ್ಪಿಕೊಂಡರು. ಅದಕ್ಕೆ ಊರಿಗೆಲ್ಲ ಒಟ್ಟಾಗಿ ಪರಿಹಾರ ಕೊಡುವುದೆಂದು ಮಾತಾಯಿತು. ಬಾಡಿಗೆಗೆ ಹಿಡಿದ ಎರಡು ಮೋಟಾರು ಲಾಂಚುಗಳು ಕಾವಲಿಗೆ ಸುತ್ತುತ್ತಿದ್ದವು. ಬಂದರಿನಲ್ಲಿ ಅದಿರಿನ ಕೆಂಪು ರಾಶಿಗಳ ಆಚೆ ಒಂದು ಗುಡ್ಡವಿದೆ. ಅದರ ನೆತ್ತಿಯಲ್ಲಿ ದುರ್ಬೀನು, ವೈರ್‌ಲೆಸ್ ಇಟ್ಟುಕೊಂಡು ನಿಲ್ಲುವ ಕೆಲಸ ನಿಶಾಳದು. ಕೆಳಗೆ ನೀರು ಖಾಲಿಯಿದೆ ಎಂದು ಅವಳು ಹೇಳಿದರೆ ಮಾತ್ರ ಮೇಲಿನಿಂದ ಸಾಮಾನು ಇಳಿಯಬೇಕು.

ಹಗುರ ಸಾಮಾನು ಇಳಿಸಿದ ಮೊದಲೆರಡು ಸಲ ಎಲ್ಲ ಸರಿಯಾಯಿತು. ಮೂರನೆಯದು ಪೂರ್ತಿ ಭಾರದ ದೋಣಿ. ಅಂದು ಬೆಳಿಗ್ಗೆಯಿಂದಲೇ ಕಡಲ ಮೇಲೆ ಬಿಸಿಲಿನ ಮಬ್ಬು. ಪರೀಕ್ಷೆಗಳ ಮುಖ್ಯಸ್ಥರಾದ ಜಗದೀಶರು ಕೊಡೆ ಹಿಡಿದು ಅವಳ ಪಕ್ಕದಲ್ಲಿ ನಿಂತಿದ್ದರು. ಮೈಸೂರಿನ ಕಡೆಯವರು, ಮಿತಭಾಷಿ. ಕಡಲಿನತ್ತ ನೋಡುವುದಕ್ಕಿಂತ ಹೆಚ್ಚು ಮೋಡದ ಕಡೆಗೇ ನೋಡುತ್ತಿದ್ದರು.

“ಇವತ್ತು ಆಗಲಿಲ್ಲ ಅಂದ್ರೆ ಮಳೆ ಹಿಡಿಯತ್ತೆ ನಿಶಾ. ಮಳೆ ಹಿಡಿದ್ರೆ ಅಕ್ಟೋಬರ್. ಅಷ್ಟರಲ್ಲಿ ಡೆಲ್ಲಿಯವರು ಹೊರದೇಶದ ವಿಮಾನ ಕೊಂಡ್ಕೊಂಡು ಬಿಡ್ತಾರೆ,” ಎಂದರು.

ಲಾಂಚುಗಳಿಂದ ನೀರು ಖಾಲಿಯೆಂಬ ಸುದ್ದಿ ಬಂತು. ನಿಶಾ ದುರ್ಬೀನಿನಲ್ಲಿ ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ನೋಡಿ ತಾನೂ ಹಾಗೆಯೇ ಹೇಳಿದಳು. ಬಡಗಣದಿಂದ ಹಂಡೆಯ ಗುಡುಗು ಕೇಳಿಸಿತು. ತಗ್ಗಿನಲ್ಲಿ ಹಾರಿ ಬರುತ್ತಿತ್ತು, ಬಾಲದಡಿಯ ಬಾಗಿಲು ತೆರೆದೇ ಇತ್ತು. ಪೈಲಟ್ ನಿತೇಶನ ದನಿ ವೈರ್‌ಲೆಸ್ಸಿನಲ್ಲಿ ಸಮಾಧಾನವಾಗಿಯೇ ಬಂತು. ಅದೇ ಗಳಿಗೆಯಲ್ಲಿ ಕಡಲ ನಡುವಿನ ಕಲ್ಲುಬಂಡೆಯ ಈಚೆಗೆ ಅವಳಿಗೆ ಏನೋ ಕಂಡಿತು. ಮಬ್ಬಿನಲ್ಲಿ ಒಂದು ಕಪ್ಪು ಗೆರೆ. ಅಲೆಯೊಂದಿಗೆ ಏರಿತು, ಇಳಿಯಿತು. ಗೆರೆಯ ಮೇಲೆ ನೆಟ್ಟಗೆ ನಿಂತದ್ದೇನೋ ಅಲ್ಲಾಡಿದಂತಾಯಿತು.

ಯೋಚಿಸಲು ಹೊತ್ತಿರಲಿಲ್ಲ. “ಅಬಾರ್ಟ್! ಅಬಾರ್ಟ್! ಬಿಡಬೇಡಿ, ನೀರಲ್ಲಿ ದೋಣಿ ಇದೆ!” ಎಂದು ಅವಳು ಕೂಗಿದ್ದು ಗುಡ್ಡದ ಕೆಳಗಿನ ಕೇರಿಗೂ ಕೇಳಿಸಿತಂತೆ.

ಹಂಡೆ ಏನನ್ನೂ ಬಿಡದೆ ತಲೆಯ ಮೇಲಿಂದ ಹಾದುಹೋಯಿತು. ಜಗದೀಶರು ಅವಳ ಕೈಯಿಂದ ದುರ್ಬೀನು ತೆಗೆದುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಲಾಂಚುಗಳು ಬಂಡೆಯನ್ನು ಸುತ್ತಿ ಬಂದವು. ದೋಣಿಯೂ ಇಲ್ಲ, ಮರದ ದಿಮ್ಮಿಯೂ ಇಲ್ಲ. ಮತ್ತೊಂದು ಸುತ್ತು ಬರೋಣವೆಂದರೆ ಅಷ್ಟರಲ್ಲಿ ಗಾಳಿ ಜೋರಾಯಿತು. ಹಂಡೆ ಗೋವಾಕ್ಕೆ ಮರಳಿತು. ಮರುದಿನ ಗುಡುಗು, ಸಿಡಿಲು, ಮಳೆ. ಆಮೇಲೆ ಕಡಲು ಕೆರಳಿ ನಿಂತಿತು.

ಜಗದೀಶರು ಬೈಯಲಿಲ್ಲ. ಬೈದಿದ್ದರೆ ನಿಶಾಳಿಗೆ ಉತ್ತರ ಕೊಡಲಾದರೂ ದಾರಿಯಿರುತ್ತಿತ್ತು. ಬೆಂಗಳೂರಿನ ಸಭೆಯಲ್ಲಿ ಎಲ್ಲರ ಎದುರು, “ಒತ್ತಡದಲ್ಲಿ ಯಾರ ಕಣ್ಣಾದ್ರೂ ತಪ್ಪಬಹುದು,” ಎಂದಷ್ಟೇ ಹೇಳಿದರು. ಹಾಗೆಯೇ ಬರೆದೂ ಇಟ್ಟರು. ಅಕ್ಟೋಬರಿನಲ್ಲಿ ಗುಡ್ಡದ ಮೇಲೆ ನಿಲ್ಲಲು ವಿಕಾಸ ಎಂಬ ಬೇರೊಬ್ಬ ಎಂಜಿನಿಯರನನ್ನು ನೇಮಿಸಿದರು. ಹೊರದೇಶದ ವಿಮಾನದ ಮಾತು ಜೋರಾಯಿತು. ಕ್ಯಾಂಟೀನಿನಲ್ಲಿ ನಿಶಾ ಬಂದು ಕೂತರೆ ಮಾತು ನಿಲ್ಲುತ್ತಿತ್ತು. ಹಂಡೆಗಾಗಿ ಮಕ್ಕಳ ಹುಟ್ಟುಹಬ್ಬ ಬಿಟ್ಟವರು, ಮದುವೆ ಮುಂದೂಡಿದವರು ಅಲ್ಲಿದ್ದರು. ಅವರ ಮುಖ ನೋಡಲು ಅವಳಿಗಾಗುತ್ತಿರಲಿಲ್ಲ.

ಒಂದು ದಿನ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಬಳಿ ಹೋದಳು. ಅವರು ಪರೀಕ್ಷಿಸಿ, “ನಿಮ್ಮ ಕಣ್ಣು ಹದ್ದಿನ ಕಣ್ಣಮ್ಮ. ಯಾಕೆ ಬಂದ್ರಿ?” ಎಂದು ನಕ್ಕರು. ಕಣ್ಣು ಸರಿಯಿದೆ. ಹಾಗಿದ್ದರೆ ತಪ್ಪಿದ್ದು ತಲೆಯೋ? ಆ ವಿಚಾರ ಅವಳನ್ನು ಇನ್ನೂ ಹಣ್ಣು ಮಾಡಿತು. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಸಭೆಯ ನಡುವೆ, ಎಲ್ಲೆಂದರಲ್ಲಿ ಆ ಕಪ್ಪು ಗೆರೆ ಏರುವುದು, ಇಳಿಯುವುದು. ಕೆಲವೊಮ್ಮೆ ಅದು ದೋಣಿಯೇ ಎನಿಸುವುದು. ಇನ್ನು ಕೆಲವೊಮ್ಮೆ ಬರೀ ನೆರಳು.

ಚವತಿಗೆ ಅವಳು ಊರಿಗೆ ಬಂದಳು. ಗಣಪತಿಯನ್ನು ನೀರಿಗೆ ಬಿಟ್ಟು ಎರಡು ದಿನ ಕಳೆದ ಮೇಲೆ ಕಾಲೋನಿಗೆ ಮೀನು ಬಂತು. ತಂದವಳು ಬೇಲೆಕೇರಿಯ ಸುಬ್ಬಿ. ಐವತ್ತು ದಾಟಿದ, ಗಟ್ಟಿ ಮೈಯ ಹೆಂಗಸು. ಗಂಡ ಜಟ್ಟಿ ಚಿಕ್ಕ ಪಾತಿ ದೋಣಿಯಲ್ಲಿ ಬಲೆ ಬೀಸುವವನು. ಗಂಗೂಗೆ ಅವಳ ಪರಿಚಯ ಹಳೆಯದು.

“ಬಂಗ್ಡೆ ಅದೆ ಗಂಗಕ್ಕಾ, ಈಗ ತಂದದ್ದು,” ಎಂದು ಸುಬ್ಬಿ ಅಂಗಳದಲ್ಲಿ ಬುಟ್ಟಿ ಇಳಿಸಿದಳು. ಜಗಲಿಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ ನಿಶಾಳನ್ನು ನೋಡಿ, “ಇವ್ಳು ನಿಮ್ ಮಗ್ಳಾ?” ಎಂದಳು.

“ಹೌದು. ಬೇಸ್ಗೇಲಿ ನಿಮ್ಮೂರಿಗೆ ವಿಮಾನ ಬಂದಿತ್ತಲ್ಲಾ, ಅದ್ರದ್ದೇ ಕೆಲ್ಸ ಇವ್ಳದು.”

ಸುಬ್ಬಿಯ ಕೈ ಬುಟ್ಟಿಯಲ್ಲೇ ನಿಂತಿತು. “ಗುಡ್ಡದ ಮೇಲೆ ಒಬ್ರು ಬಾಯೋರು ನಿಂತ್ಕಂಡು ಅದ್ನ ತಡದ್ರು ಅಂತ ಹೇಳ್ತಿದ್ರು...”

“ಇವ್ಳೇ ಅದು,” ಎಂದಳು ಗಂಗೂ. “ತಡ್ದು ಹೆಸ್ರು ಹಾಳ್ ಮಾಡ್ಕಂಡ್ಳು. ಇಲ್ದೇ ಇದ್ದ ದೋಣಿ ಕಂಡ್ತಂತೆ ಇವ್ಳಿಗೆ.”

ಸುಬ್ಬಿ ಹಾಗೆಯೇ ಮೆಟ್ಟಿಲ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಚೀಚೆ ನೋಡಿ ದನಿ ತಗ್ಗಿಸಿದಳು.

“ಇಲ್ದೇ ಇದ್ದದ್ದಲ್ಲಾ ಗಂಗಕ್ಕಾ. ಇತ್ತು. ಅದ್ರಲ್ಲಿ ನಾನೇ ಇದ್ದೆ.”

ನಿಶಾ ಜಗಲಿಯಿಂದ ಅಂಗಳಕ್ಕೆ ಇಳಿದು ಬಂದಳು.

“ಕಡ್ಲಿಗೆ ಇಳೂಕಿಲ್ಲ ಅಂತ ಸಭೆ ಆದಾಗ ನಮ್ ಬಲೆ ಆಗ್ಲೇ ನೀರಲ್ಲಿತ್ತು ತಂಗೀ. ಮೊದ್ಲೆರಡು ದಿನ ಹ್ಯಾಂಗೋ ಸುಮ್ನಿದ್ವು. ಆಮೇಲೆ ಗಾಳಿ ತಿರ್ಗೂಕೆ ಹಿಡೀತು. ತಿರ್ಗದ್ರೆ ಬಲೆ ಬಂಡೆಗೆ ಸಿಕ್ಕಿ ಚಿಂದಿ. ನಮ್ಮನೆಯವ್ರು ಜನ ಕರದ್ರು, ಊರಲ್ಲಿ ಒಬ್ರೂ ಬರ್ಲಿಲ್ಲ, ಮಾತು ಕೊಟ್ಟಾಗದೆ ಅಂದ್ರು. ನಾನೇ ಬತ್ತೆ ಅಂದೆ. ಲಾಂಚು ಬಂದಾಗ ಬಂಡೆ ಮರೆಗೆ ನಿಂತ್ವು. ಅದು ಆಚೆ ಹೋದ ಮೇಲೆ ಬಲೆ ಎಳೂಕೆ ಹಿಡದ್ವು. ಅಷ್ಟರಲ್ಲಿ ಅದು ಬಂತು.”

ಅವಳು ಅಂಗೈಯನ್ನು ತಲೆಯ ಮೇಲೆ ಅಡ್ಡ ಹಿಡಿದು ತೋರಿಸಿದಳು. “ಆ ನಮೂನಿ ಶಬ್ದ ನಾ ಹುಟ್ಟಿ ಕೇಳದ್ದಿಲ್ಲ. ಅದ್ರ ಹಿಂದಿನ ಬಾಗ್ಲು ತೆಗ್ದಿತ್ತು, ಒಳ್ಗೆ ಮನ್ಷಾರು ನಿಂತದ್ದೂ ಕಾಣ್ತಿತ್ತು. ಇವ್ರು ಎರಡೂ ಕೈ ಎತ್ತಿ ಬಡ್ಕಂಡ್ರು. ನಾ ದೋಣಿ ತಳ್ದಲ್ಲಿ ಬೋರಲು ಬಿದ್ದೆ. ಮುಗೀತು ಅಂದ್ಕಂಡೆ. ಎಂತದೂ ಬೀಳ್ಲಿಲ್ಲ. ಬಲೆ ಅಲ್ಲೇ ಕೊಯ್ದು ಬಿಟ್ಟು, ಲಾಂಚು ಬರೂಕೆ ಮೊದ್ಲೇ ಮಬ್ಬಲ್ಲಿ ದಡದ ಕಲ್ಲು ಸಂದಿಗೆ ಹೋಗಿ ಅಡ್ಗಿ ಕೂತದ್ದು ಸಂಜಿ ತನ್ಕ.”

ನಿಶಾಳಿಗೆ ಮೊದಲು ಬಂದದ್ದು ನಗು. ತಲೆ ಕೆಟ್ಟಿರಲಿಲ್ಲ, ಕಣ್ಣು ತಪ್ಪಿರಲಿಲ್ಲ! ಮೈಯೆಲ್ಲ ಹಗುರಾದಂತೆ ಅನಿಸಿತು. ಅದರ ಬೆನ್ನಿಗೇ ಸಿಟ್ಟು: ಇಷ್ಟು ದಿನ ಇವರು ಬಾಯಿ ಬಿಡಲಿಲ್ಲವಲ್ಲ. ಆಮೇಲೆ ಹಂಡೆ ಇಳಿಸಲಿದ್ದ ದೋಣಿಯ ತೂಕ ನೆನಪಾಯಿತು. ತಾನು ಕೂಗುವುದು ಒಂದು ಉಸಿರಿನಷ್ಟು ತಡವಾಗಿದ್ದರೆ ಎದುರಿಗಿರುವ ಈ ಹೆಂಗಸು ಇರುತ್ತಿರಲಿಲ್ಲ. 

“ನಾಳೇನೇ ನಿಮ್ ಸಾಹೇಬ್ರಿಗೆ ಹೇಳು,” ಎಂದಳು ಗಂಗೂ, ಎದ್ದು ನಿಂತು. “ಸುಬ್ಬೀನ ಕರ್ಕಂಡೇ ಹೋಗು.”

“ಬೇಡಾ ಗಂಗಕ್ಕಾ, ನಿಮ್ ಕಾಲಿಗೆ ಬೀಳ್ತೆ,” ಎಂದಳು ಸುಬ್ಬಿ. “ಊರೋರು ಕೂಡಿ ಕೊಟ್ಟ ಮಾತು. ನಾವೇ ಮುರದ್ದು ಅಂತ ಆದ್ರೆ ಊರಿಗೇ ಪರಿಹಾರ ಇಲ್ಲ ಅಂತ್ರು. ಇವ್ರ ಮೇಲೆ ಕೇಸು, ದೋಣಿ ಜಪ್ತಿ. ಕೇರೀಲಿ ನಮ್ಗೆ ಯಾರು ನೀರು ಕೊಡ್ತ್ರು?” ಆಮೇಲೆ ನಿಶಾಳ ಕಡೆ ತಿರುಗಿ, “ಆದ್ರೂ ನೀ ಹೇಳ್ತೆ ಅಂದ್ರೆ ನಾ ಬ್ಯಾಡ ಅನ್ನೂದಿಲ್ಲ ತಂಗೀ. ಉಳ್ಸದೋಳು ನೀನು,” ಎಂದಳು. ಬುಟ್ಟಿಯಲ್ಲಿದ್ದ ಬಂಗಡೆಯನ್ನೆಲ್ಲ ಮೊರಕ್ಕೆ ಸುರಿದು, ಗಂಗೂ ಕರೆದರೂ ನಿಲ್ಲದೆ ಹೋದಳು.

ಅವಳು ಹೋದದ್ದೇ ತಾಯಿ ಮಗಳಿಗೆ ವಾದವೇ ವಾದ. ಒಂಬತ್ತು ವರ್ಷದ ಹೆಸರನ್ನು ಯಾರದೋ ಬಲೆಗಾಗಿ ಕಳೆದುಕೊಳ್ಳುವುದುಂಟೇ ಎಂದು ಗಂಗೂ. ಮಧುಕರ ರೇಡಿಯೋದ ದನಿ ತಗ್ಗಿಸಿ ಕೇಳುತ್ತ ಕೂತಿದ್ದ.

“ಹೇಳಿದ್ರೆ ಅವ್ರ ದೋಣಿ ಹೋಗ್ತದೆ ಆಯಿ,” ಎಂದಳು ನಿಶಾ ಕೊನೆಗೆ. “ಅವ್ರೂ ಎಂತಾ ಹೊಸ ಕಾಲೋನಿಗೆ ಹೋಗಿ ಕೂರ್ಬೇಕಾ?”

 ಗಂಗೂ ಮೊರದಲ್ಲಿದ್ದ ಮೀನನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ, “ಹಂಗಾರೆ ಮುಂದಿನ ಸಲ? ಆ ಹೊಸ ಹುಡ್ಗಂಗೆ ದೋಣಿ ಕಾಣ್ದೇ ಹೋದ್ರೆ?” ಎಂದು ಕೇಳಿದಳು.

ನಿಶಾಳನ್ನು ಕುಟುಕುತ್ತಿದ್ದದ್ದೂ ಅದೇ. ಬಾಯಿ ಮುಚ್ಚಿಕೊಂಡರೆ ಜಟ್ಟಿಯ ದೋಣಿ ಉಳಿಯುತ್ತದೆ ನಿಜ. ಆದರೆ ಅಕ್ಟೋಬರಿನಲ್ಲಿ ಮತ್ತೆ ಅವೇ ಲಾಂಚುಗಳು, ಅದೇ ಬಂಡೆ, ನೀರಲ್ಲಿ ಮತ್ತೆ ಯಾರದೋ ಬಲೆ.

ಅಕ್ಟೋಬರಿನ ಏರ್ಪಾಡಿಗೆಂದು ಜಗದೀಶರು ಕಾರವಾರಕ್ಕೆ ಬಂದದ್ದು ಗೊತ್ತಾಯಿತು. ನಿಶಾ ಅಪ್ಪನ ಹಳೆಯ ಸ್ಕೂಟರ್ ಹತ್ತಿ ಹೊರಟಳು. ಸರ್ಕಾರಿ ಬಂಗಲೆಯ ಅಂಗಳದಲ್ಲಿ ಗಾಳಿಮರಗಳ ಕೆಳಗೆ ಅವರು ಚಹಾ ಕುಡಿಯುತ್ತಿದ್ದರು. ಅವಳು ಕೂರಲಿಲ್ಲ. ಬೇಕಾದದ್ದನ್ನು ನಿಂತೇ ಹೇಳಿದಳು. ಬಾಡಿಗೆ ಲಾಂಚು ಬೇಡ, ಬೇಲೆಕೇರಿಯ ದೋಣಿಗಳನ್ನೇ ಕಾವಲಿಗೆ ನಿಲ್ಲಿಸೋಣ. ಅವರ ಬಲೆ ಎಲ್ಲೆಲ್ಲಿರುತ್ತದೆಂದು ಅವರಿಗೇ ಗೊತ್ತು. ಸಭೆಗೂ ಪರೀಕ್ಷೆಗೂ ನಡುವೆ ಬಲೆ ಎತ್ತಿಕೊಳ್ಳಲು ಬಿಡುವು ಕೊಡಬೇಕು.

ಜಗದೀಶರು ಲೋಟ ಕೆಳಗಿಟ್ಟರು. “ಅವತ್ತು ನೀರಲ್ಲಿದ್ದದ್ದು ದೋಣಿ ಅಂತ ಈಗ ಗೊತ್ತಾಗಿದೆ, ಅಲ್ವಾ?”

“ಆ ಪ್ರಶ್ನೆಗೆ ನಾನು ಮೇ ತಿಂಗಳಲ್ಲೇ ಉತ್ತರ ಕೊಟ್ಟಿದ್ದೇನೆ ಸಾರ್.”

“ಯಾರದ್ದು ಅಂತ ಹೇಳಿ. ನಿಮ್ಮ ಮೇಲೆ ಬರೆದದ್ದನ್ನ ನಾನೇ ಹೊಡೆದು ಹಾಕ್ತೀನಿ. ಗುಡ್ಡದ ಮೇಲೆ ಮತ್ತೆ ನೀವೇ ನಿಲ್ಲಿ.”

 ಒಂದು ಹೆಸರು ಹೇಳಿದರೆ ಸಾಕು. ಗಾಳಿಮರಗಳ ಆಚೆ ಕಡಲು ಮೊರೆಯುತ್ತಿತ್ತು. “ಅದು ನನ್ನಿಂದಾಗೋದಿಲ್ಲ ಸಾರ್,” ಎಂದಳು. “ಕಾವಲಿನ ವಿಷಯ ಮಾತ್ರ ನಡೆಸಿಕೊಡಿ.”

“ಸಾಕ್ಷಿ ಇಲ್ಲದೆ ಬರೆದದ್ದನ್ನ ಅಳಿಸೋಕಾಗಲ್ಲ. ಅದು ಹಾಗೇ ಇರತ್ತೆ.”

“ಇರಲಿ.”

 “ಊರವರನ್ನ ಒಪ್ಪಿಸೋದು ನಿಮ್ಮ ಜವಾಬ್ದಾರಿ,” ಎಂದು ಜಗದೀಶರು ಎದ್ದು ಹೋದರು.

ಊರವರು ಒಪ್ಪಿದರು. ಸಭೆಯಲ್ಲಿ ಮೊದಲು ಕೈ ಎತ್ತಿದವನು ಜಟ್ಟಿ. ಎತ್ತಿದ ಮೇಲೆ ನಿಶಾಳ ಕಡೆ ಒಮ್ಮೆಯೂ ನೋಡಲಿಲ್ಲ.

ಅಕ್ಟೋಬರಿನಲ್ಲಿ ಗುಡ್ಡದ ಮೇಲೆ ವಿಕಾಸ ನಿಂತ. “ಬಾಗಿಲು ನಿಮ್ಮದು, ಅದರ ಜೊತೆ ನೀವೇ ಹೋಗಿ,” ಎಂದು ಜಗದೀಶರು ನಿಶಾಳನ್ನು ವಿಮಾನ ಹತ್ತಿಸಿದರು. ಅದು ಶಿಕ್ಷೆಯೋ ಮರ್ಯಾದೆಯೋ ಅವಳಿಗೆ ತಿಳಿಯಲಿಲ್ಲ. ಗೋವಾದಿಂದ ಹಾರಿ ಕಡಲಿಗೆ ಬಂದೊಡನೆ ಬಾಗಿಲು ತೆರೆಯಿತು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಸಾಮಾನು ಇಳಿಸುವ ಇಬ್ಬರು ಸಿಬ್ಬಂದಿಯ ಜೊತೆ ಅವಳು ಗೋಡೆಗೆ ಒರಗಿ ನಿಂತಳು. ಬಾಲದ ಬಾಯಿಯಲ್ಲಿ ಕರಾವಳಿ ಹಿಂದೆ ಹಿಂದೆ ಜಾರುತ್ತಿತ್ತು. ಕಾಳಿ ನದಿಯ ಸೇತುವೆ ಹೋಯಿತು, ಕಾರವಾರದ ಪೇಟೆ ಹೋಯಿತು. ಆಮೇಲೆ ಚೆಂಡಿಯಾ. ಕಡಲಿಗೆ ಚಾಚಿದ ಕಲ್ಲಿನ ಗೋಡೆ, ಬೂದು ಬಣ್ಣದ ಹಡಗುಗಳು, ಅಳತೆಗೆರೆ ಹೊಡೆದಂಥ ರಸ್ತೆಗಳು. ಮನೆ ಇದ್ದ ಜಾಗ ಯಾವುದೆಂದು ಹುಡುಕಿದಳು. ಬಾವಿಯ ಹತ್ತಿರ ಒಂದು ಮುರುಗಲ ಮರವಿತ್ತು. ಯಾವ ಮರವೂ ಗುರುತಿಗೆ ಸಿಗುವಷ್ಟರಲ್ಲಿ ಎಲ್ಲ ದಾಟಿಹೋಯಿತು.  ಅವಳು ಬೀಗಗಳ ಕಡೆ ತಿರುಗಿದಳು.

“ದೋಣಿ ಸಾಲು ಮುಂದೆ ಕಾಣ್ತಿದೆ. ನೀರು ಖಾಲಿ ಅಂತಿದಾರೆ ವಿಕಾಸ್. ತಯಾರಾಗಿ,” ಎಂದು ನಿತೇಶನ ದನಿ ಕಿವಿಗೆ ಬಂತು.

ಹಸಿರು ದೀಪ ಹತ್ತಿತು. ಮೊದಲು ಚಿಕ್ಕ ಪ್ಯಾರಾಚೂಟ್ ಹೊರಗೆ ಹಾರಿ ಅರಳಿತು. ಅದು ಎಳೆದೊಡನೆ ಬೀಗಗಳು ಬಿಟ್ಟು, ಭಾರದ ದೋಣಿ ಉರುಳೆಗಳ ಮೇಲೆ ಜಾರಿ ಹೊರಹೋಗಬೇಕು. ಹಗ್ಗ ಬಿಗಿಯಿತು. ವಿಮಾನ ನಡುಗಿತು. ಸಾಮಾನು ಮಾತ್ರ ಕದಲಲಿಲ್ಲ. ಬಲಗಡೆಯ ಬೀಗ ಬಿಟ್ಟಿತ್ತು, ಎಡಗಡೆಯದು ಅರ್ಧಕ್ಕೇ ಕಚ್ಚಿ ನಿಂತಿತ್ತು.

ಅವಳ ಕೈಯಳತೆಯಲ್ಲಿ ಎರಡು ಹಿಡಿಕೆಗಳಿದ್ದವು. ಒಂದನ್ನು ಎಳೆದರೆ ಬೀಗ ಬಿಟ್ಟು ಸಾಮಾನು ಹೊರಗೆ. ಇನ್ನೊಂದನ್ನು ಎಳೆದರೆ ಚಿಕ್ಕ ಪ್ಯಾರಾಚೂಟಿನ ಹಗ್ಗ ಕತ್ತರಿಸಿ ಸಾಮಾನು ಒಳಗೇ. ಸಿಬ್ಬಂದಿಯಲ್ಲೊಬ್ಬ, “ಬೀಗ ಎಳೀರಿ ಮೇಡಂ! ಹೋಗ್ಬಿಡತ್ತೆ!” ಎಂದು ಕೂಗಿದ. ಹೋಗುತ್ತಿತ್ತು, ನಿಜ. ಆದರೆ ಅಷ್ಟರಲ್ಲಿ ವಿಮಾನ ಗುರುತಿನ ಜಾಗ ದಾಟಿ ಮುಂದೆ ಬಂದಿತ್ತು. ಮುಂದೆ ಕಾವಲು ದೋಣಿಗಳ ಸಾಲು. ಅವರನ್ನು ಅಲ್ಲಿ ತಂದು ನಿಲ್ಲಿಸಿದವಳು ತಾನೇ. ಪರೀಕ್ಷೆಯನ್ನು ಮತ್ತೆ ಇವಳೇ ತಡೆದಳು ಎಂದು ಜನ ನಗುತ್ತಾರೆ ಎಂಬ ಯೋಚನೆಯೂ ಮಿಂಚಿನಂತೆ ಬಂದು ಹೋಯಿತು. ಅವಳು ಎರಡನೆಯ ಹಿಡಿಕೆ ಎಳೆದಳು. ಹಗ್ಗ ಕಡಿದು ಚಿಕ್ಕ ಪ್ಯಾರಾಚೂಟ್ ಕಡಲ ಕಡೆ ಹಾರಿಹೋಯಿತು.

“ಅಬಾರ್ಟ್,” ಎಂದಳು. ಈ ಸಲ ದನಿ ಏರಲಿಲ್ಲ.

ಕೆಳಗಿನಿಂದ ಜಗದೀಶರ ಪ್ರಶ್ನೆ ಬಂತು. “ಯಾರು ನಿಲ್ಲಿಸಿದ್ದು?”

“ನಾನೇ ಸಾರ್. ಎಡ ಬೀಗ ಕಚ್ಚಿದೆ. ತಡವಾಗಿ ಬಿದ್ದಿದ್ರೆ ದೋಣಿಗಳ ಮೇಲೆ ಬೀಳ್ತಿತ್ತು.”

 “ಸರಿಯಾದ ಕೆಲಸ. ಗಾಳಿ ಇನ್ನೂ ಒಳ್ಳೇದಿದೆ. ಸರಿಮಾಡೋಕಾಗತ್ತಾ?” ಎಂದರು.

ಹಂಡೆ ಕಡಲ ಮೇಲೆ ಸುತ್ತು ಹೊಡೆಯುತ್ತಿದ್ದಂತೆ ನಿಶಾ ಹೊಟ್ಟೆಯ ಮೇಲೆ ಮಲಗಿ ಬೀಗದ ಮುಚ್ಚಳ ಬಿಚ್ಚಿದಳು. ಒಳಗಿನ ಸ್ಪ್ರಿಂಗು ಜಾಗ ಬಿಟ್ಟು ಸರಿದಿತ್ತು. ಅವಳದೇ ನಕ್ಷೆ, ಅವಳೇ ಒಪ್ಪಿದ ಅಳತೆ. ಕೂದಲೆಳೆಯಷ್ಟು ಸಡಿಲ ಬಿಟ್ಟದ್ದು ಈಗ ಕಾಣಿಸಿತು. ತನ್ನನ್ನೇ ಬೈದುಕೊಳ್ಳುತ್ತ ಸುತ್ತಿಗೆಯಿಂದ ಅದನ್ನು ಕೂರಿಸಿದಳು. ಬೆರಳು ಜಜ್ಜಿ ರಕ್ತ ಬಂದದ್ದು ತಿಳಿಯಲಿಲ್ಲ. ಎರಡನೆಯ ಚಿಕ್ಕ ಪ್ಯಾರಾಚೂಟ್ ಕಟ್ಟಿದರು. ಮತ್ತೆ ಬೇಲೆಕೇರಿ, ಮತ್ತೆ ಹಸಿರು ದೀಪ. ಹಗ್ಗ ಬಿಗಿಯಿತು. ಭಾರ ಒಮ್ಮೆಗೇ ಗಡಗಡನೆ ಉರುಳಿ ಬೆಳಕಿನೊಳಗೆ ಬಿತ್ತು. ಕ್ಷಣಕಾಲ ಏನೂ ಇಲ್ಲ. ಆಮೇಲೆ ಮೂರು ದೊಡ್ಡ ಪ್ಯಾರಾಚೂಟುಗಳು ಒಂದಾದ ಮೇಲೊಂದು ಬಿರಿದವು. ದೋಣಿ ತೂಗಾಡುತ್ತ ಇಳಿದು ನೀರು ಮುಟ್ಟಿತು, ಮುಳುಗಲಿಲ್ಲ. ಸಾಲಿನಲ್ಲಿದ್ದ ಪಾತಿಗಳು ಅದರತ್ತ ಓಡುವುದು ಇರುವೆಗಳಷ್ಟು ಚಿಕ್ಕದಾಗಿ ಕಂಡಿತು. ಸಿಬ್ಬಂದಿಯವರು ಅವಳ ಬೆನ್ನು ತಟ್ಟಿದರು. ನಿಶಾ ಮಾತ್ರ ದೋಣಿಗಳನ್ನು ಎಣಿಸುತ್ತಿದ್ದಳು, ಎಲ್ಲ ಇವೆಯೇ ಎಂದು.

ಸಂಜೆ ಅವಳು ಬೇಲೆಕೇರಿಗೆ ಬರುವಾಗ ದಡದಲ್ಲಿ ಜಾತ್ರೆಯಂತೆ ಜನ. ಆಕಾಶದಿಂದ ಇಳಿದ ದೋಣಿಯ ಹಗ್ಗವನ್ನು ಮೊದಲು ಹೋಗಿ ಹಿಡಿದವನು ಜಟ್ಟಿ. ಅದೇ ಹುರುಪಿನಲ್ಲಿ ಜಗದೀಶರ ಎದುರು ಬಂದು ಕೈಮುಗಿದ. “ಒಡ್ಯಾ, ನಿಮ್ಗೆ ಒಂದು ಮಾತು ಹೇಳೂದದೆ. ಆವತ್ತು ಮೇ ತಿಂಗ್ಳಲ್ಲಿ...”

“ಜಟ್ಟಣ್ಣಾ,” ಎಂದಳು ನಿಶಾ ನಡುವೆ ಬಂದು, “ಸಾಹೇಬ್ರಿಗೆ ಹಸಿವಾಗದೆ. ಮೊದ್ಲು ಊಟದ ಸುದ್ದಿ ಹೇಳಿ.”

 ಸುಬ್ಬಿ ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು. ಜಗದೀಶರು ಕಡಲ ಕಡೆಗೆ ತಿರುಗಿ, “ಇಲ್ಲಿ ಬಂಗಡೆ ಚೆನ್ನಾಗಿರತ್ತಂತೆ,” ಎಂದರು. 

ಮರುವರ್ಷದ ಆರಂಭದಲ್ಲಿ ಉತ್ತರದ ಯಾವುದೋ ವಿಮಾನನೆಲೆಯಲ್ಲಿ ಹಂಡೆ ಸೇನೆಗೆ ಸೇರಿತು. ನಿಶಾಳಿಗೆ ಹಿಂದಿನ ಸಾಲಿನಲ್ಲಿ ಕುರ್ಚಿಯಿತ್ತು. ಅವಳ ಮೇಲೆ ಬರೆದದ್ದು ಅಳಿಯಲಿಲ್ಲ. ಅವಳಿಗಿಂತ ಕಿರಿಯನಾದ ವಿಕಾಸ ಮೊದಲು ಬಡ್ತಿ ಪಡೆದ. ಬೇಸರವಾಗಲಿಲ್ಲ ಎಂದರೆ ಸುಳ್ಳು. ಕೆಲವು ದಿನ ಜಟ್ಟಿ, ಸುಬ್ಬಿಯರ ಮೇಲೂ ಸಿಟ್ಟು ಬರುತ್ತಿತ್ತು. ಆಗೆಲ್ಲ ಅವಳು ಎಡ ಬೀಗದ ನಕ್ಷೆಯನ್ನು ಹರಡಿಕೊಂಡು ಕೂರುತ್ತಿದ್ದಳು. ಸ್ಪ್ರಿಂಗನ್ನು ಬದಲಿಸಿದಳು, ಸಾಲದೆಂದು ಮತ್ತೆ ಬದಲಿಸಿದಳು.

ಆ ಮಳೆಗಾಲದಲ್ಲಿ ರಜೆಗೆ ಬಂದಿದ್ದಾಗ, ಅಂಕೋಲೆ ಪೇಟೆಯಲ್ಲಿ ಗಂಗೂ ತರಕಾರಿಗೆ ಚೌಕಾಶಿ ಮಾಡುತ್ತಿರಲು, ನಿಶಾಳಿಗೆ ಫೋನು ಬಂತು. ನಿತೇಶ. ನಡುಗಡಲಲ್ಲಿ ಒಂದು ಸರಕಿನ ಹಡಗು ವಾಲಿಕೊಂಡಿತ್ತಂತೆ. ಹೆಲಿಕಾಪ್ಟರ್ ಮುಟ್ಟಲಾರದಷ್ಟು ದೂರ. ಹಂಡೆ ಹೋಗಿ ದೋಣಿ ಇಳಿಸಿ ಬಂದಿದೆ.

“ಎಂತಾ ಆಯ್ತೇ? ಯಾಕೆ ಹಂಗೆ ನಿಂತಿ?” ಎಂದು ಗಂಗೂ ಗಾಬರಿಯಾದಳು. ನಿಶಾ ಹೇಳಿದಳು.

“ಅದ್ರಲ್ಲಿದ್ದೋರು?”

“ಎಲ್ರೂ ದೋಣಿ ಹತ್ತಿದ್ರಂತೆ ಆಯಿ.”

ಗಂಗೂ ಕೈಲಿದ್ದ ಬಸಳೆಯ ಕಟ್ಟನ್ನು ಚೀಲಕ್ಕೆ ಹಾಕಿ, ಅಂಗಡಿಯವಳಿಗೆ, “ನನ್ ಮಗ್ಳ ವಿಮಾನ,” ಎಂದಳು. ಹೋದ ನೆಲದ ಮಾತನ್ನು ಈ ಸಲ ಎತ್ತಲಿಲ್ಲ. ನಿಶಾ ಕೊಡೆಯಿಂದ ಹೊರಗೆ ಬಂದು ಮಳೆಯಲ್ಲೇ ಆಚೀಚೆ ನಡೆದಳು. ಎಡ ಬೀಗ ಒಂದೇ ಸಲಕ್ಕೆ ಬಿಟ್ಟಿತೋ ಇಲ್ಲವೋ ಕೇಳಲು ಮರೆತದ್ದು ನೆನಪಾಗಿ, ಒದ್ದೆ ಬೆರಳಿನಿಂದ ಮತ್ತೆ ನಿತೇಶನ ನಂಬರು ಒತ್ತತೊಡಗಿದಳು.